ನಲವತ್ತೊಂದಕ್ಕೆ ಹನ್ನೊಂದು

ನನ್ನ ಅಣ್ಣನಿಂದ ಒಬ್ಬ ಹುಡುಗಿ ಸತ್ತಳು ಎಂದು ಕಾಗದದ ಮೇಲೆ ಬರೆದವನನ್ನು ನಾನು ಒಂಬತ್ತು ವರ್ಷ ಶಪಿಸಿದೆ. ಬೆಳಗ್ಗೆ ಮುಖ ತೊಳೆಯುವಾಗ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಆದದ್ದು ಆಯಿತು, ಮರೆತುಬಿಡಬೇಕಮ್ಮ ಎಂದು ಬುದ್ಧಿ ಹೇಳಿದವರಿದ್ದಾರೆ. ಅವರೆಲ್ಲರ ಅಣ್ಣಂದಿರು ಚೆನ್ನಾಗಿಯೇ ಇದ್ದಾರೆ.

ನನ್ನದು ಗೇರ್ ಕೆಲಸ. ಬೆಟ್ಟ ಹತ್ತುವ ಗಾಡಿಗಳ ಆಕ್ಸಲ್, ಅಂದರೆ ಚಕ್ರದ ಅಚ್ಚು, ಬಿಚ್ಚಿ ಒಳಗಿನ ಹಲ್ಲುಚಕ್ರಗಳನ್ನು ಬದಲಾಯಿಸಿ ಕೂರಿಸುತ್ತೇನೆ. ಅದಕ್ಕೇ ನಮ್ಮ ಬೀದಿಯವರು ನನ್ನನ್ನು ಹಲ್ಲಿನ ಡಾಕ್ಟ್ರಮ್ಮ ಎನ್ನುತ್ತಾರೆ. ಪಕ್ಕದ ವೆಲ್ಡಿಂಗ್‌ನವನಂತೂ ದವಡೆ ತೋರಿಸಿ, ಇದಕ್ಕೂ ಸ್ವಲ್ಪ ಗ್ರೀಸ್ ಹಚ್ಚಿ ಡಾಕ್ಟ್ರಮ್ಮ ಎನ್ನುತ್ತಾನೆ. ನಾನು ಸುತ್ತಿಗೆ ಎತ್ತಿದರೆ ಓಡುತ್ತಾನೆ.

ಅಣ್ಣ ನನ್ನ ಶೆಡ್ಡಿನ ಮೂಲೆಯಲ್ಲಿ ಕೂತು, ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಾಲಾಗಿ ಜೋಡಿಸಿಡುತ್ತಿದ್ದ. ಮೊದಲು ಅವನು ಆಸ್ಪತ್ರೆಯ ಆಂಬ್ಯುಲೆನ್ಸ್ ಚಾಲಕ. ಹನ್ನೆರಡು ವರ್ಷ ಒಂದು ಗೀರು ಬೀಳದಂತೆ ಗಾಡಿ ಓಡಿಸಿದವನು. ಆಮೇಲೆ ಆ ಒಂದು ದಿನ ಬಂತು.

ಅವತ್ತು ಬೆಟ್ಟದ ಮೇಲಿನ ಆಸ್ಪತ್ರೆಗೆ ಹತ್ತೊಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಒಯ್ಯಬೇಕಿತ್ತು. ಹೊಟ್ಟೆಯೊಳಗೆ ಏನೋ ಒಡೆದಿತ್ತು, ಬೇಗ ಆಪರೇಷನ್ ಆಗಬೇಕಿತ್ತು. ಪಕ್ಕದಲ್ಲಿ ಅವಳ ತಾಯಿ. ಕಲ್ಲಿನ ಏರಿನ ಬುಡದಲ್ಲಿ ಅಣ್ಣ ಗಾಡಿ ನಿಲ್ಲಿಸಿದ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಲಿವರ್ ಹಾಕಿದ, ಹತ್ತಿಸಲು ಶುರುಮಾಡಿದ. ಎರಡನೆಯ ತಿರುವಿನಲ್ಲಿ ಕೆಳಗಡೆ ಏನೋ ಸಿಡಿಯಿತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಶಕ್ತಿ ಹಂಚುವ ನಡುವಿನ ಪೆಟ್ಟಿಗೆ ಒಡೆದು, ಎಣ್ಣೆಯೆಲ್ಲ ರಸ್ತೆಗೆ ಸುರಿಯಿತು. ಬೇರೆ ಗಾಡಿ ಬರಲು ಎರಡೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಹುಡುಗಿ ಹೋಗಿಬಿಟ್ಟಿದ್ದಳು.

ಡಿಪೋದ ದೊಡ್ಡ ಮೇಸ್ತ್ರಿ ವರದಿ ಬರೆದ. ನನಗೆ ಅದು ಬಾಯಿಪಾಠ: "ಓಡುತ್ತಿದ್ದ ಗಾಡಿಯಲ್ಲಿ ಚಾಲಕನು ಲಿವರ್ ಎಳೆದಿದ್ದರಿಂದ ಪೆಟ್ಟಿಗೆ ಒಡೆದಿದೆ. ಎರಡೂ ಆಕ್ಸಲ್‌ಗಳನ್ನು ಪರೀಕ್ಷಿಸಲಾಗಿದೆ. ಸರಿಯಾಗಿವೆ." ಮೂರು ವಾಕ್ಯ, ಕೆಳಗೆ ಸಹಿ. ಅಣ್ಣನನ್ನು ಕೆಲಸದಿಂದ ತೆಗೆದರು.

ಮೊದಮೊದಲು ಅಣ್ಣ ಎಲ್ಲರಿಗೂ ಹೇಳುತ್ತಿದ್ದ, ನಾನು ನಿಲ್ಲಿಸಿಯೇ ಹಾಕಿದೆ ಎಂದು. ಎರಡು ವರ್ಷ ಕಳೆದ ಮೇಲೆ, ನಿಲ್ಲಿಸಿದ್ದೆ ಅನ್ಸುತ್ತೆ ಎನ್ನತೊಡಗಿದ. ಆಮೇಲೆ, ಇನ್ನೂ ಸ್ವಲ್ಪ ಉರುಳ್ತಿತ್ತೇನೋ ಎಂದ. ಕೊನೆಗೆ ಏನೂ ಹೇಳುವುದನ್ನೇ ಬಿಟ್ಟ. ಕೇಳಿದವರೆಲ್ಲ ತಲೆ ಅಲ್ಲಾಡಿಸಿ ಹೋಗುತ್ತಿದ್ದರೆ ಯಾರ ನೆನಪಾದರೂ ಎಷ್ಟು ದಿನ ಗಟ್ಟಿಯಾಗಿ ನಿಂತೀತು? ತಾನೇ ಕೊಂದೆ ಎಂದು ಅವನು ನಂಬಿಬಿಟ್ಟ. ನನ್ನ ಹೊಟ್ಟೆ ಉರಿಯುತ್ತಿದ್ದುದು ಕೆಲಸ ಹೋಯಿತೆಂದಲ್ಲ. ಅವನನ್ನೇ ಅವನಿಂದ ಕಸಿದುಕೊಂಡರಲ್ಲ, ಅದಕ್ಕೆ.

ನಾನು ಗೇರ್ ಕಲಿತದ್ದೂ ಅದೇ ಉರಿಯಲ್ಲಿ.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಒಬ್ಬ ಗಿರಾಕಿ ಬಂದ. ಹಳೆಯ, ಚಚ್ಚೌಕದ ಗಾಡಿ. ಸೊಂಟದೆತ್ತರದ ಹೊಸ ಟೈರುಗಳನ್ನು ಬೇರೆ ಗಾಡಿಯಲ್ಲಿ ಹೇರಿಕೊಂಡು ತಂದಿದ್ದ.

"ಇವನ್ನ ಹಾಕಿಸಬೇಕು. ಅದಕ್ಕೆ ತಕ್ಕ ಗೇರ್ ನೀವು ಹಾಕ್ಕೊಡಿ," ಎಂದ. "ಸುಮ್ನೆ ಟೈರ್ ಹಾಕಿದ್ರೆ ಗಾಡಿ ಎಳೆಯಲ್ಲ ಅಂತ ಎಲ್ರೂ ಹೇಳಿದ್ರು."

"ಎಲ್ರೂ ಸರಿಯಾಗೇ ಹೇಳಿದ್ದಾರೆ," ಎಂದೆ.

ಇದರಲ್ಲಿ ಗುಟ್ಟೇನಿಲ್ಲ. ಟೈರ್ ದೊಡ್ಡದಾದರೆ ಒಂದೊಂದು ಸುತ್ತಿಗೂ ಗಾಡಿ ಹೆಚ್ಚು ದೂರ ಹೋಗಬೇಕು. ಏರಿನಲ್ಲಿ ಉದ್ದುದ್ದ ಹೆಜ್ಜೆ ಹಾಕುವವನಿಗೆ ಏದುಸಿರು ಬರುವ ಹಾಗೆ ಎಂಜಿನ್ನಿಗೂ ಬರುತ್ತದೆ. ಟೈರ್ ಎಷ್ಟು ಪಾಲು ಬೆಳೆಯಿತೋ ಗೇರನ್ನೂ ಅಷ್ಟು ಪಾಲು ಬದಲಾಯಿಸಬೇಕು. ಆಕ್ಸಲ್ಲಿನ ದೊಡ್ಡ ಹಲ್ಲುಚಕ್ರದಲ್ಲಿ ನಲವತ್ತೊಂದು ಹಲ್ಲು, ಅದನ್ನು ತಿರುಗಿಸುವ ಚಿಕ್ಕದರಲ್ಲಿ ಹನ್ನೊಂದು ಹಲ್ಲು ಇದ್ದರೆ ನಾವು ನಲವತ್ತೊಂದಕ್ಕೆ ಹನ್ನೊಂದು ಎನ್ನುತ್ತೇವೆ. ಟೈರ್ ದೊಡ್ಡದು ಹಾಕಿದರೆ ಚಿಕ್ಕದರ ಹಲ್ಲು ಕಡಿಮೆಯಾಗಬೇಕು, ನಲವತ್ತೊಂದಕ್ಕೆ ಒಂಬತ್ತು ಹೀಗೆ. ಒಂದು ಮಾತನ್ನು ಮಾತ್ರ ಮರೆಯಬಾರದು. ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಒಂದೇ ಲೆಕ್ಕ ಇರಬೇಕು. ಇಲ್ಲದಿದ್ದರೆ ಲಿವರ್ ಹಾಕಿದ ಕೂಡಲೇ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗಿ, ಸ್ವಲ್ಪ ದೂರ ಹೋಗುವಷ್ಟರಲ್ಲಿ ನಡುವಿನ ಪೆಟ್ಟಿಗೆ ಸಿಡಿಯುತ್ತದೆ.

"ಗಾಡಿ ಎಲ್ಲಿ ತಗೊಂಡ್ರಿ?" ಎಂದೆ.

"ಆಸ್ಪತ್ರೆ ಡಿಪೋ ಹರಾಜಲ್ಲಿ. ಯಾವುದೋ ಕಾಲದಲ್ಲಿ ಆಂಬ್ಯುಲೆನ್ಸ್ ಆಗಿತ್ತಂತೆ. ನಡುವಿನ ಪೆಟ್ಟಿಗೆ ಬೇರೆ ಹಾಕಿ, ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಶಾಫ್ಟ್ ಬಿಚ್ಚಿ ಹಿಂದೆ ಎಸೆದಿದ್ದಾರೆ ನೋಡಿ, ಬರೀ ಹಿಂದಿನ ಚಕ್ರದಲ್ಲೇ ಓಡಿಸ್ತಿದ್ರಂತೆ." ಆಮೇಲೆ ನಕ್ಕ. "ನಮ್ಮ ಮಾವ ಅಲ್ಲೇ ದೊಡ್ಡ ಮೇಸ್ತ್ರಿ ಆಗಿದ್ರು. ಅವರಿಗಿನ್ನೂ ಹೇಳಿಲ್ಲ. ಗಾಡಿ ಪೂರ್ತಿ ರೆಡಿ ಆದ್ಮೇಲೆ ತೋರಿಸ್ತೀನಿ."

ನಾನು ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ. ಹಿಂದಿನ ಬಾಗಿಲು ತೆಗೆದು ನೋಡಿದೆ. ನೆಲದ ತಗಡಿನಲ್ಲಿ ಸ್ಟ್ರೆಚರ್ ಬಿಗಿಯುವ ನಾಲ್ಕು ತೂತುಗಳು ಹಾಗೇ ಇದ್ದವು. ನನ್ನ ಹಿಂದೆಯೇ ಅಣ್ಣ ಬಂದು ನಿಂತಿದ್ದ. ಅವನೂ ನೋಡಿದ; ತಾನು ಓಡಿಸುತ್ತಿದ್ದ ಗಾಡಿಯೇ. ಮುಖ ಬಿಳಿಚಿಕೊಂಡು ಶೆಡ್ಡಿನ ಹಿಂಬದಿಗೆ ಹೊರಟುಹೋದ.

ಪ್ರತಿ ಆಕ್ಸಲ್ಲಿನ ಮುಚ್ಚಳಕ್ಕೂ ಒಂದು ಚಿಕ್ಕ ತಗಡಿನ ಟ್ಯಾಗ್ ಸಿಕ್ಕಿಸಿರುತ್ತಾರೆ, ಒಳಗೆ ಯಾವ ಗೇರ್ ಇದೆ ಎಂದು ಅದರಲ್ಲಿ ಗುದ್ದಿರುತ್ತದೆ. ಈ ಗಾಡಿಯ ಎರಡು ಟ್ಯಾಗ್‌ಗಳಲ್ಲೂ ನಲವತ್ತೊಂದಕ್ಕೆ ಒಂಬತ್ತು ಎಂದೇ ಇತ್ತು. ಅವಸರದವರು ಅದನ್ನು ಓದಿ ಕೆಲಸ ಶುರುಮಾಡುತ್ತಾರೆ. ನಾನು ಟ್ಯಾಗ್ ನಂಬುವವಳಲ್ಲ. ಒಂದು ಚಕ್ರ ಮಾತ್ರ ಎತ್ತಿ, ಆಕ್ಸಲ್ಲಿನಲ್ಲಿ ಶಾಫ್ಟ್ ಸೇರುವ ತುದಿಗೆ ಸೀಮೆಸುಣ್ಣದ ಗೆರೆ ಎಳೆದು, ಆ ಚಕ್ರವನ್ನು ಎರಡು ಸುತ್ತು ತಿರುಗಿಸುತ್ತೇನೆ. ಅಷ್ಟರಲ್ಲಿ ಆ ತುದಿ ಎಷ್ಟು ಸುತ್ತು ತಿರುಗಿತೋ ಅದೇ ಒಳಗಿನ ಲೆಕ್ಕ. ಹಿಂದಿನದು ನಾಲ್ಕೂವರೆ ಸುತ್ತಿತು, ಸರಿ. ಮುಂದಿನದು ನಾಲ್ಕನ್ನೂ ಮುಟ್ಟಲಿಲ್ಲ.

ಮುಚ್ಚಳ ಬಿಚ್ಚಿದೆ. ಕಾರ್ಖಾನೆಯಿಂದ ಬಂದ ದಿನದ ಅಂಟು ಹಾಗೇ ಇತ್ತು. ಯಾರೂ ಅದನ್ನು ತೆರೆದೇ ಇರಲಿಲ್ಲ. ಹಲ್ಲು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ. ಆಂಬ್ಯುಲೆನ್ಸಿಗೆ ದೊಡ್ಡ ಟೈರ್ ಹಾಕಿದಾಗ ಹಿಂದಿನ ಗೇರ್ ಒಂದನ್ನೇ ಬದಲಾಯಿಸಿ, ಮುಂದಿನದನ್ನು ಹಾಗೇ ಬಿಟ್ಟು, ಗಾಡಿಯನ್ನು ನನ್ನ ಅಣ್ಣನ ಕೈಗೆ ಕೊಟ್ಟಿದ್ದರು. ನಾನು ನೆಲದ ಮೇಲೆ ಕೂತುಬಿಟ್ಟೆ. ಸಿಕ್ಕಿಬಿದ್ದೆಯಲ್ಲೋ ಮಗನೇ, ಎಂದುಕೊಂಡೆ. ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಕುಣಿಯುವಷ್ಟು ಸಂತೋಷವಾಯಿತು.

ಅಣ್ಣನನ್ನು ಎಳೆದು ತಂದು ತೋರಿಸಿದೆ. ಅವನು ಬಗ್ಗಿ ನೋಡಿದ, ಕೈ ಒರೆಸಿಕೊಂಡ.

"ಒಂಬತ್ತು ವರ್ಷದಲ್ಲಿ ಯಾರ್ಯಾರ ಕೈಗೆ ಹೋಗಿತ್ತೋ ಈ ಗಾಡಿ," ಎಂದ. "ಆಮೇಲೆ ಯಾರೋ ಹಳೇ ಆಕ್ಸಲ್ ತಂದು ಹಾಕಿರಬಹುದು."

"ಅಣ್ಣಾ, ಅಂಟು ನೋಡು."

"ನೀನು ನನ್ನ ತಂಗಿ ಕಣೇ. ನಿನಗೆ ಹಾಗೇ ಕಾಣುತ್ತೆ."

ಅವನ ಮೇಲೂ ಸಿಟ್ಟು ಬಂತು. ಆದರೆ ಒಂದು ವಿಷಯ ನಿಚ್ಚಳವಾಯಿತು. ನಾನು ಏನು ತೋರಿಸಿದರೂ ಇವನು ನಂಬುವುದಿಲ್ಲ. ಆ ಮೂರು ವಾಕ್ಯ ಬರೆದವನ ಬಾಯಿಂದಲೇ ನಾಲ್ಕನೆಯದು ಬರಬೇಕು, ಅದೂ ಇವನ ಕಿವಿಗೇ ಬೀಳಬೇಕು.

ಮುಚ್ಚಳ ಮುಚ್ಚಿದೆ. ಹಳೆಯ ಗೇರ್ ಹಾಗೇ, ಟ್ಯಾಗ್ ಹಾಗೇ. ಎಸೆದಿದ್ದ ಮುಂದಿನ ಶಾಫ್ಟನ್ನು ತೊಳೆದು, ಗ್ರೀಸ್ ತುಂಬಿ, ಅದರ ಜಾಗಕ್ಕೆ ಕೂರಿಸಿದೆ. ಈಗ ಗಾಡಿ ಅವತ್ತು ಬೆಳಗ್ಗೆ ಅಣ್ಣನ ಕೈಗೆ ಬಂದಾಗ ಹೇಗಿತ್ತೋ ಹಾಗಿತ್ತು. ಆ ಗಿರಾಕಿಗೆ, ಅಂದರೆ ಮೇಸ್ತ್ರಿಯ ಅಳಿಯನಿಗೆ, ಫೋನ್ ಮಾಡಿದೆ. ಹೊಸ ಗೇರ್ ಹಾಕುವ ಮುಂಚೆ ಹಳೆಯದರಲ್ಲಿ ಒಂದು ಟ್ರಯಲ್ ಆಗಬೇಕು, ನಿಮ್ಮ ಮಾವನನ್ನೂ ಕರೆದುಕೊಂಡು ಬನ್ನಿ, ಅನುಭವಸ್ಥರು ನೋಡಿದರೆ ಒಳ್ಳೆಯದು ಎಂದೆ. ನನ್ನ ದನಿಯಲ್ಲಿ ಜೇನು ಸುರಿಯುತ್ತಿತ್ತು.

ಮರುದಿನ ಹತ್ತು ಗಂಟೆಗೆ ಬಂದರು. ದೊಡ್ಡ ಮೇಸ್ತ್ರಿ ಇಸ್ತ್ರಿ ಶರ್ಟ್ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಇನ್ನೂ ಡಿಪೋಗೇ ಹೋಗುವವನಂತೆ ಇಳಿದ. ಗಾಡಿ ನೋಡಿದವನು ಅಲ್ಲೇ ನಿಂತ.

"ಇದನ್ನ ಯಾಕೆ ತಗೊಂಡೆ?" ಎಂದು ಅಳಿಯನನ್ನು ಕೇಳಿದ.

"ಗಟ್ಟಿ ಗಾಡಿ ಮಾವ. ನೀವೇ ನೋಡ್ಕೊಂಡಿದ್ದಲ್ವಾ?"

ನಾನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಅಣ್ಣ ಮೂಲೆಯಲ್ಲಿ ಬೆನ್ನು ಮಾಡಿ ಕೂತು ಬೇರಿಂಗ್ ತೊಳೆಯುತ್ತಿದ್ದ. ಬೇಕೆಂದೇ ಅವನಿಗೆ ಏನೂ ಹೇಳಿರಲಿಲ್ಲ.

"ಬನ್ನಿ ಮೇಸ್ತ್ರಿಗಳೇ," ಎಂದೆ. "ನಿಮ್ಮ ಕೈಯಿಂದಲೇ ಆಗ್ಲಿ. ಲಿವರ್ ಹಾಕಿ ಈ ಅಂಗಳದಲ್ಲಿ ಒಂದು ಸುತ್ತು ಬನ್ನಿ, ಸಾಕು."

"ಸಿಮೆಂಟ್ ನೆಲ," ಎಂದ ತಕ್ಷಣ. "ಒಣ ಸಿಮೆಂಟ್ ಮೇಲೆ ನಾಲ್ಕು ಚಕ್ರ ಹಾಕಿ ತಿರುಗಿಸಬಾರದು."

ಸರಿಯಾದ ಮಾತೇ. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಅದೇ ನನ್ನ ಸಿಟ್ಟನ್ನು ಇನ್ನೂ ಏರಿಸಿತು.

"ಹಿಂದುಗಡೆ ಕಲ್ಲುಮಣ್ಣಿನ ದಿಬ್ಬ ಇದೆ. ಅಲ್ಲಿ ಹತ್ತಿಸಿ."

"ನನಗೆ ಕಣ್ಣು ಸರಿ ಇಲ್ಲಮ್ಮ."

"ಹಾಗಾದ್ರೆ ನಾನೇ ಹತ್ತಿಸ್ತೀನಿ," ಎಂದು ಅಳಿಯ ಬಾಗಿಲಿಗೆ ಕೈ ಹಾಕಿದ.

"ಬೇಡ."

"ಯಾಕೆ ಮಾವ?"

ಮೇಸ್ತ್ರಿ ಬಂದು ಬಾಗಿಲನ್ನು ಒತ್ತಿ ಹಿಡಿದ.

"ಬೇಡ ಅಂದ್ರೆ ಬಿಡಿ," ಎಂದೆ. "ಟ್ಯಾಗ್‌ನಲ್ಲಿ ಎರಡೂ ಒಂದೇ ಅಂತ ಬರೆದಿದೆಯಲ್ಲ. ಸದ್ಯಕ್ಕೆ ಇದೇ ಗೇರಲ್ಲಿ ತಗೊಂಡು ಹೋಗಿ, ಹೊಸದು ಬಂದಾಗ ಹಾಕೋಣ. ಭಾನುವಾರ ಎಲ್ಲಿಗೋ ಹೊರಟಿದ್ದೀವಿ ಅಂದಿದ್ರಲ್ಲ?"

"ಬೆಟ್ಟಕ್ಕೆ," ಎಂದ ಅಳಿಯ. "ಆ ಕಲ್ಲಿನ ಏರಿನಲ್ಲಿ. ನಾನು, ನನ್ನ ಹೆಂಡ್ತಿ, ಪಾಪು."

ನಾನು ನಿಜವಾಗಿ ಕೊಡುತ್ತಿದ್ದೆನೇ? ಇಲ್ಲ. ಮಗುವನ್ನು ಕೂರಿಸಿ ಅಂಥ ಗಾಡಿ ಕಳಿಸುವಷ್ಟು ಕೆಟ್ಟವಳಲ್ಲ ನಾನು. ಆದರೆ ಅದು ಅವನಿಗೆ ಗೊತ್ತಾಗಬೇಕಾಗಿರಲಿಲ್ಲ. ಬೇಯಲಿ ಎಂದು ಸುಮ್ಮನೆ ನಿಂತು ನೋಡಿದೆ. ಹಣೆಯ ಮೇಲೆ ಬೆವರು ಬಂತು. ಪೆನ್ನು ತೆಗೆದ, ಮತ್ತೆ ಜೇಬಿಗೇ ಇಟ್ಟ.

"ಮುಂದಿನ ಆಕ್ಸಲ್ ಒಂದ್ಸಲ ಎಣಿಸಿ ನೋಡಿದ್ರೆ ಒಳ್ಳೇದು," ಎಂದ ಕೊನೆಗೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಇನ್ನೂ ಕಳ್ಳ ಎಂದೇ ಇರಲಿಲ್ಲ.

"ಮುಂದಿನದೇ ಯಾಕೆ ಮೇಸ್ತ್ರಿಗಳೇ? ಹಿಂದಿನದು ಯಾಕಲ್ಲ?" ಎಂದೆ. ಅವನು ನನ್ನ ಮುಖ ನೋಡಿದ. ನಾನು ಸೀಮೆಸುಣ್ಣ ಚಾಚಿದೆ. "ತಗೊಳ್ಳಿ. ನೀವೇ ಎಣಿಸಿ. ಚಕ್ರ ತಿರುಗಿಸೋಕೆ ನಮ್ಮ ಅಣ್ಣ ಇದ್ದಾನೆ. ಅಣ್ಣಾ, ಬಾ ಇಲ್ಲಿ."

ಅಣ್ಣ ಎದ್ದು ತಿರುಗಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೇಸ್ತ್ರಿಗೆ ಆಗ ಗೊತ್ತಾಯಿತು, ನಾನು ಯಾರು, ಕರೆಸಿದ್ದು ಯಾಕೆ ಎಲ್ಲವೂ. ಬಾಗಿಲು ಹತ್ತಿರದಲ್ಲೇ ಇತ್ತು, ಹೋಗಬಹುದಿತ್ತು. ಆದರೆ ಅಳಿಯ ನಡುವೆ ನಿಂತಿದ್ದ, ಏನೂ ಅರ್ಥವಾಗದೆ ಇಬ್ಬರನ್ನೂ ನೋಡುತ್ತಿದ್ದ.

ಗೋಣಿಚೀಲ ಹಾಸಿದೆ. ಇಸ್ತ್ರಿ ಶರ್ಟಿನ ಮೇಸ್ತ್ರಿ ಅದರ ಮೇಲೆ ಅಂಗಾತ ಮಲಗಿ ಗಾಡಿಯ ಕೆಳಗೆ ತೆವಳಿದ. ಮುಂದಿನ ಶಾಫ್ಟಿಗೆ ಗೆರೆ ಎಳೆದ. ಅಣ್ಣ ಎತ್ತಿದ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿದ.

"ಜೋರಾಗಿ ಎಣಿಸಿ," ಎಂದೆ. "ಅಳಿಯಂದಿರಿಗೂ ಕೇಳ್ಲಿ."

"ಒಂದು," ಎಂದ. "ಎರಡು." ದನಿ ಸಣ್ಣಗಾಯಿತು. "ಮೂರು."

ಚಕ್ರ ಎರಡು ಸುತ್ತು ಮುಗಿಸಿ ನಿಂತಿತು.

"ಎಷ್ಟಾಯ್ತು?"

"ಮೂರೂ ಮುಕ್ಕಾಲು."

"ನಲವತ್ತೊಂದಕ್ಕೆ ಎಷ್ಟು ಅಂದ ಹಾಗಾಯ್ತು?"

"ಹನ್ನೊಂದು."

"ಹಿಂದಿನದೂ ಎಣಿಸ್ತೀರಾ?"

ಗಾಡಿಯ ಕೆಳಗಿನಿಂದ ಸೀಮೆಸುಣ್ಣ ಹೊರಗೆ ಉರುಳಿ ಬಂತು.

"ಬೇಡ," ಎಂದ. "ಅದು ಒಂಬತ್ತು. ನಾನೇ ಹಾಕಿದ್ದು."

ಅವನನ್ನು ಏಳಲು ಬಿಡಲಿಲ್ಲ. ಅಲ್ಲೇ ಮಲಗಿಸಿಕೊಂಡು ಕೇಳಿದೆ, ಒಂದೊಂದಾಗಿ. ದೊಡ್ಡ ಟೈರ್ ಹಾಕಿದಾಗ ಸ್ಟೋರಿಗೆ ಒಂದೇ ಜೊತೆ ಗೇರ್ ಬಂದಿತ್ತಂತೆ. ಹಿಂದಿನದಕ್ಕೆ ಹಾಕಿದನಂತೆ. ಮುಂದಿನದು ಮುಂದಿನ ವಾರ ಬಂದಾಗ ಹಾಕೋಣ, ನಾಲ್ಕು ಚಕ್ರದ ಲಿವರ್ ದಿನಾ ಯಾರು ಮುಟ್ಟುತ್ತಾರೆ ಎಂದುಕೊಂಡು ಗಾಡಿಯನ್ನು ಬಿಟ್ಟನಂತೆ. ಎಂಟೇ ದಿನ ಆಗಿತ್ತಂತೆ.

"ಚಾಲಕನಿಗೆ ಹೇಳಿದ್ರಾ?"

"ಇಲ್ಲ."

"ಲಿವರ್‌ಗೆ ಒಂದು ಚೀಟಿ ಕಟ್ಟಿದ್ರಾ, ಮುಟ್ಟಬೇಡಿ ಅಂತ?"

"ಇಲ್ಲ."

"ಮುಂದಿನದಕ್ಕೆ ಈ ಸುಳ್ಳು ಟ್ಯಾಗ್ ಯಾವಾಗ ಹೊಡೆದ್ರಿ?"

"ಅವತ್ತು ಸಂಜೆ."

ಅವತ್ತು ಸಂಜೆ. ಹುಡುಗಿಯ ದೇಹ ಇನ್ನೂ ಆಸ್ಪತ್ರೆಯಲ್ಲಿತ್ತು, ನನ್ನ ಅಣ್ಣ ಡಿಪೋದ ಬೆಂಚಿನ ಮೇಲೆ ತಲೆ ಹಿಡಿದು ಕೂತಿದ್ದ, ಇವನು ಒಳಗೆ ಕೂತು ತಗಡಿಗೆ ಅಂಕಿ ಗುದ್ದುತ್ತಿದ್ದ. ಜ್ಯಾಕ್ ಇಳಿಸಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಅನಿಸಿದ್ದನ್ನು ಮುಚ್ಚಿಡುವುದಿಲ್ಲ.

ಅಣ್ಣ ಇನ್ನೂ ಚಕ್ರ ಹಿಡಿದುಕೊಂಡೇ ಇದ್ದ.

"ನಾನು ಗಾಡಿ ನಿಲ್ಲಿಸಿದ್ದೆನಾ ಇಲ್ವಾ, ನನಗೇ ಗೊತ್ತಾಗ್ತಿಲ್ಲ," ಎಂದ.

"ನಿಲ್ಲಿಸಿದ್ರೂ ಒಡೀತಿತ್ತು," ಎಂದ ಮೇಸ್ತ್ರಿ. "ಯಾರು ಹತ್ತಿಸಿದ್ರೂ ಒಡೀತಿತ್ತು. ನಿನ್ನದೇನೂ ತಪ್ಪಿರಲಿಲ್ಲ."

ಅಣ್ಣ ಚಕ್ರ ಬಿಟ್ಟ. ಕೈ ತೊಳೆದುಕೊಂಡು ಬಂದ. ನಾನು ಅವನು ಕೂಗಾಡುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಕಾದೆ. ಹಿಡಿದರೆ ನಾನೂ ಒಂದು ಕೈ ಹಾಕುವವಳಿದ್ದೆ.

"ಇದನ್ನ ಅವಳ ಅಮ್ಮನಿಗೆ ಹೇಳಬೇಕು," ಎಂದ ಅಣ್ಣ. "ನೀವೇ ಹೇಳಬೇಕು."

ಮೇಸ್ತ್ರಿ ಗಾಡಿಯಡಿಯಿಂದ ಈಚೆ ಬಂದು ಕೂತ. "ನಾನು ಹೇಗಪ್ಪಾ ಹೋಗ್ಲಿ ಆ ಮನೆಗೆ?"

"ನಾನು ಹೋಗೋ ಹಾಗೇ. ವರ್ಷಕ್ಕೊಂದ್ಸಲ, ಅದೇ ತಾರೀಖು ಹೋಗ್ತೀನಿ. ಅಂಗಳದಲ್ಲಿ ನಿಂತ್ಕೋತೀನಿ. ಆಕೆ ಬಾಗಿಲು ತೆಗೀತಾರೆ, ನನ್ನನ್ನ ನೋಡ್ತಾರೆ, ಬೈಯೋದಿದ್ರೆ ಬೈತಾರೆ. ಆಮೇಲೆ ಬಾಗಿಲು ಹಾಕ್ಕೋತಾರೆ. ನಾನು ಬರ್ತೀನಿ."

ಒಂದೇ ಮನೆಯಲ್ಲಿದ್ದು ನನಗಿದು ಗೊತ್ತಿರಲಿಲ್ಲ. ಒಂಬತ್ತು ಸಲ ಹೋಗಿದ್ದ. ನಾನು ಇಲ್ಲಿ ಕೂತು ಶಾಪ ಹಾಕುತ್ತಿದ್ದೆ, ಇವನು ಅಲ್ಲಿ ನಿಂತು ಇನ್ನೊಬ್ಬನಿಗೆ ಸಲ್ಲಬೇಕಾದ ಶಾಪ ತಿನ್ನುತ್ತಿದ್ದ. ನನಗೆ ಕಣ್ಣು ತುಂಬಿ ಏನೂ ಕಾಣದಾಯಿತು.

ಅಳಿಯ ತಾವು ಬಂದ ಗಾಡಿಯ ಬಾಗಿಲು ತೆಗೆದು ಹಿಡಿದ. "ಹತ್ತಿ ಮಾವ," ಎಂದ.

ನಾಲ್ವರೂ ಹೋದೆವು. ಊರಾಚೆಯ ಚಿಕ್ಕ ಮನೆ, ಮುಂದೆ ಗಾರೆಯ ಅಂಗಳ. ಬಾಗಿಲು ತೆರೆದ ಹೆಂಗಸು ಪಾತ್ರೆ ತೊಳೆಯುತ್ತಿದ್ದಳೇನೋ, ಮೊಣಕೈತನಕ ನೊರೆ ಇತ್ತು. ಅಣ್ಣನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಇವತ್ತಲ್ಲವಲ್ಲ ತಾರೀಖು," ಎಂದಳು.

"ಅಲ್ಲಮ್ಮ. ಇವರೊಂದು ಮಾತು ಹೇಳ್ಬೇಕಂತೆ."

ಮೇಸ್ತ್ರಿ ಹೇಳಿದ. ಟೈರು, ಗೇರು ಎಂದು ಶುರುಮಾಡಿದ; ಆಕೆಗೆ ಅದು ಯಾವುದೂ ಅರ್ಥವಾಗಲಿಲ್ಲ. ಮತ್ತೆ ಮೊದಲಿನಿಂದ, ಚಿಕ್ಕ ಮಾತುಗಳಲ್ಲಿ ಹೇಳಬೇಕಾಯಿತು. ಅರ್ಧ ಕೆಲಸ ಮಾಡಿ ಗಾಡಿ ಕೊಟ್ಟೆ. ಚಾಲಕನಿಗೆ ಹೇಳಲಿಲ್ಲ. ಆಮೇಲೆ ಅವನದೇ ತಪ್ಪು ಎಂದು ಬರೆದೆ. ಆಕೆ ಕೇಳಿ ಮುಗಿಸುವ ಹೊತ್ತಿಗೆ ಕೈಯ ನೊರೆ ಒಣಗಿತ್ತು.

ಮೊದಲು ಅಣ್ಣನ ಕಡೆ ತಿರುಗಿದಳು. "ಒಂಬತ್ತು ವರ್ಷ ನಿನ್ನನ್ನ ಬೈದೆನಲ್ಲಪ್ಪಾ. ನೀನಾದ್ರೂ ಬಾಯಿ ಬಿಡಬಾರದಿತ್ತಾ?"

"ನನಗೂ ಗೊತ್ತಿರಲಿಲ್ಲಮ್ಮ."

"ಇನ್ನು ನೀನು ಬರಬೇಡ. ಸಾಕು ನಿಂತಿದ್ದು."

ಆಮೇಲೆ ಮೇಸ್ತ್ರಿಯನ್ನು ನೋಡಿದಳು. ಅವಳು ಅಳುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಅವನು ಭುಜ ಕುಗ್ಗಿಸಿಕೊಂಡು ಕಾಯುತ್ತಿದ್ದ. ಅವಳು ದನಿ ಏರಿಸಲೇ ಇಲ್ಲ.

"ಇವನು ಒಂಬತ್ತು ವರ್ಷ ಬಂದ. ಇನ್ನು ಒಂಬತ್ತು ವರ್ಷ ನೀನು ಬಾ. ಅದೇ ತಾರೀಖು. ಅಲ್ಲೇ ನಿಂತ್ಕೋ, ಇವನು ನಿಲ್ತಿದ್ದ ಜಾಗದಲ್ಲಿ."

ಬಾಗಿಲು ಹಾಕಿಕೊಂಡಳು. ನಾನು ಅಷ್ಟೆಲ್ಲ ಲೆಕ್ಕ ಹಾಕಿ ಹೂಡಿದ ಸೇಡು ಈ ಹೆಂಗಸಿನ ಮುಂದೆ ಮಕ್ಕಳಾಟವಾಗಿತ್ತು.

ಅಳಿಯನ ಗಾಡಿಗೆ ಹೊಸ ಗೇರ್ ಹಾಕಿಕೊಟ್ಟೆ, ಹಿಂದೆ ಮುಂದೆ ಎರಡಕ್ಕೂ, ಮೂವತ್ತೊಂಬತ್ತಕ್ಕೆ ಎಂಟು. ಎರಡನ್ನೂ ಅಳಿಯನ ಕೈಯಲ್ಲೇ ಎಣಿಸಿ ನೋಡಿಸಿದೆ. ಆ ತಾರೀಖು ಬಂದರೆ ಅಣ್ಣ ಈಗ ಎಲ್ಲಿಗೂ ಹೋಗುವುದಿಲ್ಲ, ಮಧ್ಯಾಹ್ನದವರೆಗೂ ಮಲಗಿ ನಿದ್ದೆ ಮಾಡುತ್ತಾನೆ. ಮೊದಲ ವರ್ಷ ಮೇಸ್ತ್ರಿ ತಾನಾಗಿಯೇ ಹೋದ. ಈ ವರ್ಷ ಬಿ.ಪಿ. ಏರಿದೆ, ಡಾಕ್ಟರು ಬಿಸಿಲಿಗೆ ನಿಲ್ಲಬೇಡಿ ಎಂದಿದ್ದಾರೆ ಎಂದು ಹೇಳಿಕಳಿಸಿದ. ನಾನು ಗಾಡಿ ತೆಗೆದುಕೊಂಡು ಹೋಗಿ ಅವನ ಮನೆ ಮುಂದೆ ನಿಲ್ಲಿಸಿ ಹಾರ್ನ್ ಹೊಡೆದೆ. ಹೊರಗೆ ಬಂದವಳು ಅವನ ಮಗಳು. ನನ್ನನ್ನು ನೋಡಿದಳು, ಒಳಗೆ ಹೋದಳು, ಅಪ್ಪನನ್ನು ಕೈ ಹಿಡಿದು ಕರೆತಂದು, ಅವನ ಚಪ್ಪಲಿಯನ್ನು ತಾನೇ ತಂದು ಕಾಲ ಮುಂದೆ ಇಟ್ಟಳು. ಇನ್ನೂ ಏಳು ಸಲ ಬಾಕಿ ಇದೆ.